ಮುಂದಿನ ಸೀಟು

ಕಾಪು ಪೇಟೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಶೇಕಬ್ಬರಷ್ಟು ಸಿಟ್ಟಿನ ಡ್ರೈವರ್ ಇನ್ನೊಬ್ಬರಿರಲಿಲ್ಲ. ಅವರಷ್ಟು ಒಳ್ಳೆಯ ಡ್ರೈವರೂ ಇರಲಿಲ್ಲ, ಅದನ್ನೂ ಹೇಳಿಬಿಡಬೇಕು. ತಲೆ ನರೆಯುವವರೆಗೆ ಸ್ಟಿಯರಿಂಗ್ ಹಿಡಿದರೂ ಅವರ ಚಕ್ರದಡಿ ಒಂದು ಕೋಳಿ ಕೂಡ ಸತ್ತದ್ದಿಲ್ಲ. ಎಂಬತ್ತೆರಡನೇ ಇಸವಿಯ ಮಳೆಗಾಲದಲ್ಲಿ ಆ ಮನೆಯವರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆದದ್ದು ಈ ಹೆಮ್ಮೆಯಿಂದಲೇ.

ಮೊದಲು ಎಲ್ಲರೂ ಅದು ಹಲ್ಲುನೋವು ಎಂದುಕೊಂಡಿದ್ದರು. ಬಲಗೆನ್ನೆಯಲ್ಲಿ ಕರೆಂಟು ಹೊಡೆದ ಹಾಗೆ ನೋವು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಗಂಜಿ ಕುಡಿಯಲು ಬಾಯಿ ತೆರೆದರೆ ನೋವು, ಮುಖಕ್ಕೆ ನೀರು ತಾಗಿದರೆ ನೋವು, ಕಾರಿನ ಕಿಟಕಿಯಿಂದ ಗಾಳಿ ಬೀಸಿದರೂ ನೋವು. ಉಡುಪಿಯ ಹಲ್ಲಿನ ಡಾಕ್ಟರೊಬ್ಬರು ಕಲ್ಲಿನಂಥ ದವಡೆ ಹಲ್ಲುಗಳನ್ನು ಕಿತ್ತು ಕೈಯಲ್ಲಿಟ್ಟರು. ಹಲ್ಲು ಹೋಯಿತು, ನೋವು ಅಲ್ಲೇ ಉಳಿಯಿತು. ಶೇಕಬ್ಬ ಕೆನ್ನೆಗೆ ಮಫ್ಲರ್ ಸುತ್ತಿಕೊಂಡು, ಕಿಟಕಿ ಗಾಜು ಏರಿಸಿಕೊಂಡು ಬಾಡಿಗೆಗೆ ಹೋಗುತ್ತಿದ್ದರು.

ಕೊನೆಗೆ ಹೆಂಡತಿ ರುಕಿಯಮ್ಮ ಹಟ ಹಿಡಿದು ಅವರನ್ನು ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೊರಡಿಸಿದರು. ರುಕಿಯಮ್ಮನಿಗೆ ಬ್ಯಾರಿ ಭಾಷೆ ಮತ್ತು ತುಳು ಬಿಟ್ಟರೆ ಬೇರೆ ಬಾರದು. ಹಾಗಾಗಿ ಡಾಕ್ಟರರ ಜೊತೆ ಕನ್ನಡ ಮಾತಾಡಲಿಕ್ಕೆ ಸೊಸೆ ಜುಬೈದಾಳೂ ಹೋದಳು. ಜುಬೈದಾ ಕಾರ್ಕಳದವಳು, ಎಸ್ಸೆಸ್ಸೆಲ್ಸಿ ಮುಗಿಸಿದವಳು. ಓದಿದವಳೆಂಬ ಆ ಒಂದು ಗುಣಕ್ಕಾಗಿ ಅತ್ತೆಮನೆಯಲ್ಲಿ ದಿನಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದಳು.

ಡಾಕ್ಟರು ಕೆನ್ನೆ ಮುಟ್ಟಿ ನೋಡಿದರು. "ಇದು ಹಲ್ಲಲ್ಲ, ಮುಖದ ನರದ ನೋವು. ನಿಮಗೆ ಎಂತ ಕೆಲಸ?"

"ವ್ಯಾಪಾರ," ಎಂದರು ಶೇಕಬ್ಬ.

ಜುಬೈದಾ ತಿರುಗಿ ಮಾವನ ಮುಖ ನೋಡಿದಳು. ಶೇಕಬ್ಬ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವರ ಅಪ್ಪ, ಅಜ್ಜ ಒಣಮೀನು ವ್ಯಾಪಾರ ಮಾಡಿದವರು. ಬ್ಯಾರಿ ಎಂದರೇ ವ್ಯಾಪಾರಿ ಎಂದು ಹೇಳಿಕೊಂಡು ಬೆಳೆದವರಿಗೆ ದೊಡ್ಡ ಮನುಷ್ಯರ ಎದುರು 'ಡ್ರೈವರ್' ಎಂದು ಹೇಳಲು ನಾಲಗೆ ಏಳುತ್ತಿರಲಿಲ್ಲ. ಮದುವೆ ಮಾತುಕತೆಯಲ್ಲೂ ಹಾಗೆಯೇ ಹೇಳಿದ್ದರು. ಜುಬೈದಾಳ ಅಪ್ಪನಿಗೆ ಕಾರಿನ ಸಂಗತಿ ಗೊತ್ತಾದದ್ದು ನಿಕಾಹ್ ಮುಗಿದ ಮೇಲೆ.

"ಹಾಗಾದ್ರೆ ಒಳ್ಳೆಯದಾಯ್ತು," ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. "ಈ ಮಾತ್ರೆ ದಿನಕ್ಕೆ ಮೂರು ಸಲ, ಊಟ ಆದ ಮೇಲೆ. ಸುರುವಿಗೆ ಮಂಪರು ಬರ್ತದೆ, ತಲೆ ತಿರುಗ್ತದೆ. ಒಂದು ವಸ್ತು ಎರಡಾಗಿ ಕಂಡರೆ ಕೂಡಲೇ ಇಲ್ಲಿಗೆ ಬನ್ನಿ. ನೀವು ಡ್ರೈವರೋ ಗೀವರೋ ಆಗಿದ್ದಿದ್ರೆ ಗಾಡಿ ಮುಟ್ಟಬಾರದು ಅಂತ ಹೇಳ್ತಿದ್ದೆ. ನೀವು ಅಂಗಡಿಯಲ್ಲಿ ಕೂರುವವರು, ತೊಂದರೆ ಇಲ್ಲ."

ಜುಬೈದಾ ಬಾಯಿ ತೆರೆದಳು. ಶೇಕಬ್ಬ ಎದ್ದು ನಿಂತು "ಉಪಕಾರ ಆಯ್ತು ಡಾಕ್ಟ್ರೇ" ಎಂದು ಬಾಗಿಲು ದಾಟಿಬಿಟ್ಟರು. ಹೊರಗಿನ ಹೋಟೆಲಿನಲ್ಲಿ ಬನ್ನು ತಿಂದು, ಮೊದಲ ಮಾತ್ರೆಯನ್ನು ಚಾ ಜೊತೆ ನುಂಗಿ, ಅಂಬಾಸಿಡರ್ ಸ್ಟಾರ್ಟ್ ಮಾಡಿದರು.

"ಮಾಮ, ಡಾಕ್ಟರು ಗಾಡಿ ಓಡಿಸಬಾರದು ಅಂತ..."

"ಅದು ಡ್ರೈವರುಗಳಿಗೆ ಹೇಳಿದ್ದು."

"ನೀವು ಮತ್ತೆ ಎಂತ?"

ಕನ್ನಡಿಯಲ್ಲಿ ಶೇಕಬ್ಬರ ಕಣ್ಣು ಕೆಂಪಾಯಿತು. "ರುಕಿಯಾ, ನಿನ್ನ ಸೊಸೆಗೆ ಬಾಯಿ ಮುಚ್ಚಲಿಕ್ಕೆ ಹೇಳು. ಇಲ್ಲಾಂದ್ರೆ ಇಲ್ಲಿಯೇ ಇಳಿಸ್ತೇನೆ, ಬಸ್ಸಲ್ಲಿ ಬರ್ಲಿ."

ರುಕಿಯಮ್ಮ ಸೊಸೆಯ ತೊಡೆ ಚಿವುಟಿದರು.

ಮಾತ್ರೆ ಕೆಲಸ ಮಾಡಿತು, ಅದು ನಿಜ. ವಾರ ಕಳೆಯುವುದರೊಳಗೆ ಶೇಕಬ್ಬ ಮಫ್ಲರ್ ಬಿಚ್ಚಿದರು, ಮೀನುಸಾರು ಹಾಕಿಕೊಂಡು ಎರಡೆರಡು ಪತ್ತಿರ್ ರೊಟ್ಟಿ ತಿಂದರು. ಮುದುಕಿ ಖದೀಜಮ್ಮ, ಶೇಕಬ್ಬರ ತಾಯಿ, ಮಗ ಅಗಿಯುವುದನ್ನು ನೋಡಿ ಕಣ್ಣೀರು ಹಾಕಿದರು. ಶೇಕಬ್ಬರ ಮಾತು ಸ್ವಲ್ಪ ಎಳೆಯುತ್ತಿದ್ದುದನ್ನು, ಜಗಲಿಯ ಮೆಟ್ಟಿಲಿಳಿಯುವಾಗ ಕಂಬ ಹಿಡಿಯುತ್ತಿದ್ದುದನ್ನು ನೋಡಿದವಳು ಜುಬೈದಾ ಒಬ್ಬಳೇ. ಅವಳು ನೋಡದೆ ಇರುವುದಾದರೂ ಹೇಗೆ? ಜೂನಿನಲ್ಲಿ ಶಾಲೆ ಸುರುವಾದ ಮೇಲೆ ಶೇಕಬ್ಬರ ಕಾರು ಬೆಳಿಗ್ಗೆ ಕಾಪುವಿನ ಮಕ್ಕಳನ್ನು ಉಡುಪಿಯ ಬನ್ನಂಜೆ ಹತ್ತಿರದ ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ನೆರೆಮನೆಯ ಗ್ಲ್ಯಾಡಿಸ್ ಬಾಯಿಯ ಇಬ್ಬರು ಗಂಡುಮಕ್ಕಳು, ಮನೋರಮಾ ಟೀಚರ ಅವಳಿ ಹೆಣ್ಣುಮಕ್ಕಳು. ಮುಂದಿನ ಸೀಟಿನಲ್ಲಿ ಅಜ್ಜನ ಪಕ್ಕ ಜುಬೈದಾಳ ಮಗಳು, ಆರು ವರ್ಷದ ನಫೀಸಾ.

ಜುಬೈದಾ ಗಂಡನಿಗೆ ಹೇಳಿದಳು. ಅವಳು ಮಾಡಿದ ದೊಡ್ಡ ತಪ್ಪು ಅದು.

ಗಂಡ ಬದ್ರುದ್ದೀನ್ ಸೌದಿಯ ದಮಾಮಿನಲ್ಲಿ ಲಾರಿ ಓಡಿಸುತ್ತಿದ್ದವನು. ವೀಸಾ ಮುಗಿದು ಬಂದು ಮನೆಯಲ್ಲಿ ಕೂತಿದ್ದ. ಅಪ್ಪನ ಕಾರಿನ ಕೀ ಕೈಗೆ ಸಿಗಬೇಕೆಂಬುದು ಅವನ ಒಂದೇ ಆಸೆ. ಶೇಕಬ್ಬ ಕೊಡುತ್ತಿರಲಿಲ್ಲ. "ಮರುಭೂಮಿಯಲ್ಲಿ ಓಡಿಸಿದವನು ನೀನು. ಅಲ್ಲಿ ಅಡ್ಡ ಬರಲಿಕ್ಕೆ ದನ ಉಂಟಾ, ಸೈಕಲ್ ಉಂಟಾ?" ಎಂದು ನಾಲ್ಕು ಜನರ ಎದುರೇ ಹೇಳುತ್ತಿದ್ದರು. ಹೆಂಡತಿಯ ಮಾತು ಕಿವಿಗೆ ಬಿದ್ದದ್ದೇ ತಡ, ಬದ್ರುದ್ದೀನನಿಗೆ ಅಪ್ಪನ ಆರೋಗ್ಯ ಮರೆತೇಹೋಯಿತು, ಕೀ ಮಾತ್ರ ಕಂಡಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸುರುಮಾಡಿದ.

"ಉಪ್ಪ, ಇನ್ನು ಕೀ ನನಗೆ ಕೊಡಿ. ನೀವು ಓಡಿಸಬಾರದಂತೆ. ಮಣಿಪಾಲದ ಡಾಕ್ಟರು ಹೇಳಿದ್ದಾರಂತೆ."

ಶೇಕಬ್ಬರ ಕೈಯ ತುತ್ತು ಬಟ್ಟಲಿಗೆ ಬಿತ್ತು. "ಯಾರು ಹೇಳಿದ್ದು ನಿನಗೆ?"

"ಜುಬೈದಾ."

"ಓ!" ಖದೀಜಮ್ಮ ಗೋಡೆ ಬಿಟ್ಟು ನೆಟ್ಟಗೆ ಕೂತರು. "ಹಾಗೆ ಹೇಳು. ಗಂಡನಿಗೆ ಕಾರು ಕೊಡಿಸಲಿಕ್ಕೆ ಮಾವನಿಗೆ ಕಾಯಿಲೆ ಕಟ್ಟಿದಳು."

"ಅಜ್ಜಿ, ನಾನು ಕಟ್ಟಿದ್ದಲ್ಲ. ಡಾಕ್ಟರು ಹೇಳುವಾಗ ಮಾಮಿಯೂ ಅಲ್ಲಿಯೇ ಇದ್ದರು."

ರುಕಿಯಮ್ಮ ಸಾರಿನ ಸೌಟು ಎತ್ತಿ ಹಿಡಿದು ಹೇಳಿದರು, "ನನಗೆ ಅವರ ಕನ್ನಡ ಗೊತ್ತಾಗ್ತದಾ? ನೀನು ಎಂತ ಕೇಳಿದ್ದೀಯೋ ನಿನಗೇ ಗೊತ್ತು. ಇವರಿಗೆ ಎಂತ ಆಗಿದೆ ಹೇಳು. ಉಣ್ತಾರೆ, ಮಲಗ್ತಾರೆ, ದುಡಿದು ನಿನ್ನ ಗಂಡನನ್ನೂ ಸಾಕ್ತಾರೆ."

"ನನ್ನನ್ನು ಯಾಕೆ ಎಳೀತೀರಿ?" ಎಂದು ಬದ್ರುದ್ದೀನ್ ಸಿಡಿಮಿಡಿಗೊಂಡ.

"ಕೀ ಬೇಕಾದವನು ನೀನು ತಾನೇ?" ಶೇಕಬ್ಬ ಎದ್ದರು. "ನಾನು ಸತ್ತ ಮೇಲೆ ತಗೊಳ್ಳಿ. ಗಂಡ ಹೆಂಡತಿ ಇಬ್ಬರೂ ಹಂಚಿಕೊಳ್ಳಿ. ಅಲ್ಲಿಯವರೆಗೆ ಈ ಮನೆಯಲ್ಲಿ ಮಾತ್ರೆಯ ಸುದ್ದಿ ಎತ್ತಿದರೆ ನೋಡಿ!"

ಅಲ್ಲಿಂದ ಮುಂದೆ ಜುಬೈದಾ ಏನು ಹೇಳಿದರೂ ಅದಕ್ಕೊಂದು ಕೀಯ ವಾಸನೆ ಅಂಟಿಕೊಂಡಿತು. "ಮಾಮ, ಮಳೆ ಜೋರುಂಟು, ಮೆಲ್ಲ ಹೋಗಿ" ಎಂದರೂ ರುಕಿಯಮ್ಮ ಮೂಗು ಮುರಿಯುತ್ತಿದ್ದರು. ಅವಳಿಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ರಂಜಾನಿನ ನೋಂಬು ಬಂತು.

ನೋಂಬು ಹಿಡಿದವರು ಹಗಲು ಹನಿ ನೀರು ಕುಡಿಯುವಂತಿಲ್ಲ. ಮಾತ್ರೆಯೋ ದಿನಕ್ಕೆ ಮೂರು ಸಲ. ಜುಬೈದಾ ಧೈರ್ಯ ಮಾಡಿ ಅತ್ತೆಯ ಬಳಿ ಹೋದಳು. "ಮಾಮಿ, ಕಾಯಿಲೆಯವರು ನೋಂಬು ಬಿಡಬಹುದಲ್ವಾ? ಮಾಮನಿಗೆ ಹೇಳಿ."

ಒಳಕೋಣೆಯಿಂದ ಶೇಕಬ್ಬರೇ ಉತ್ತರ ಕೊಟ್ಟರು. "ಯಾರಿಗೆ ಕಾಯಿಲೆ? ಮುಖದ ನೋವಿಗೆ ನೋಂಬು ಬಿಟ್ಟವನು ಅಂತ ಸ್ಟ್ಯಾಂಡಿನಲ್ಲಿ ನಗ್ಲಿಕ್ಕಾ? ಮಾತ್ರೆಯ ಲೆಕ್ಕ ತಪ್ಪದಿದ್ರೆ ಆಯ್ತಲ್ಲ. ಸಹರಿ ಊಟಕ್ಕೆ ಬೆಳಗ್ಗಿನದ್ದೂ ಮಧ್ಯಾಹ್ನದ್ದೂ ಒಟ್ಟಿಗೆ ನುಂಗ್ತೇನೆ, ಸಂಜೆ ನೋಂಬು ಬಿಟ್ಟ ಮೇಲೆ ಇನ್ನೊಂದು. ಇದಕ್ಕೆ ಎಸ್ಸೆಸ್ಸೆಲ್ಸಿ ಬೇಕಾ?"

ಮನೆಯವರಿಗೆಲ್ಲ ಅದು ಸರಿಯಾಗಿಯೇ ಕಂಡಿತು. ನೋಂಬೂ ಉಳಿಯಿತು, ಮದ್ದೂ ಉಳಿಯಿತು. ಖದೀಜಮ್ಮ ಮಗನ ಬುದ್ಧಿಯನ್ನು ಹೊಗಳಿದರು. ಹಾಗೆ ದಿನಾ ಬೆಳಕು ಹರಿಯುವ ಮೊದಲು ಶೇಕಬ್ಬರ ಹೊಟ್ಟೆಗೆ ಎರಡು ಮಾತ್ರೆ ಒಟ್ಟಿಗೆ ಹೋಗತೊಡಗಿತು. ಅದು ಮೈಗೆ ಏರುವ ಹೊತ್ತಿಗೆ ಸರಿಯಾಗಿ ಅವರು ಮಕ್ಕಳ ಮನೆಯೆದುರು ಹಾರ್ನ್ ಹೊಡೆಯುತ್ತಿದ್ದರು.

ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ ಶೇಕಬ್ಬ ಜಗಲಿಯಲ್ಲಿ ಕೂತಿದ್ದರು. ಜುಬೈದಾ ಹಾಲಿನ ಲೋಟ ತಂದು ನಫೀಸಾಳ ಮುಂದೆ ಇಟ್ಟಳು.

"ಒಂದು ಮಗುವಿಗೆ ಎರಡು ಲೋಟ ಯಾಕೆ?" ಎಂದರು ಶೇಕಬ್ಬ.

"ಎಂತ ಮಾಮ?"

"ಹಾಲು ಹಾಳು ಮಾಡಲಿಕ್ಕೆ ನಿನ್ನ ಅಪ್ಪ ಎಮ್ಮೆ ಕಟ್ಟಿದ್ದಾನಾ ಇಲ್ಲಿ? ಎರಡು ಲೋಟ ಯಾಕೆ ತಂದೆ ಅಂತ ಕೇಳಿದೆ."

ಅಲ್ಲಿದ್ದದ್ದು ಒಂದೇ ಲೋಟ. ನಫೀಸಾ ಕಿಲಕಿಲ ನಕ್ಕಳು, ಅಜ್ಜ ತಮಾಷೆ ಮಾಡುತ್ತಿದ್ದಾರೆಂದುಕೊಂಡಳು. ರುಕಿಯಮ್ಮನೂ ನಕ್ಕರು. ಶೇಕಬ್ಬ ಕಣ್ಣುಜ್ಜಿಕೊಂಡು ಒಳಗೆ ಹೋದರು. ಡಾಕ್ಟರು ಹೇಳಿದ ಮಾತು ಜುಬೈದಾಳಿಗೆ ಅಕ್ಷರ ಬಿಡದೆ ನೆನಪಿತ್ತು.

ಮಾರನೆಯ ದಿನ ಅವಳು ಮಗಳನ್ನು ಶಾಲೆಗೆ ಕಳಿಸಲಿಲ್ಲ. ಜ್ವರ ಎಂದಳು. ಅದರ ಮರುದಿನವೂ ಜ್ವರ ಎಂದಳು. ಜ್ವರದ ಮಗು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿತ್ತು. ಶೇಕಬ್ಬ ಬಂದು ನಫೀಸಾಳ ಹಣೆ ಮುಟ್ಟಿ ನೋಡಿ ಕಿಡಿಕಾರಿದರು.

"ನನ್ನ ಮೊಮ್ಮಗಳು ನನ್ನ ಕಾರಿಗೆ ಹತ್ತಬಾರದಾ? ನೇರ ಹೇಳು."

"ನೇರವೇ ಹೇಳ್ತೇನೆ ಮಾಮ. ನಿಮಗೆ ಒಂದು ಎರಡಾಗಿ ಕಾಣ್ತದೆ. ನಾನು ಕಳಿಸುವುದಿಲ್ಲ."

"ಬದ್ರುದ್ದೀನಾ! ನಿನ್ನ ಹೆಂಡತಿ ನನ್ನನ್ನು ಕುರುಡ ಅಂತಾಳೆ, ಕೇಳ್ತಾ ಉಂಟಾ?"

ಬದ್ರುದ್ದೀನ್ ಕನ್ನಡಿ ಎದುರು ತಲೆ ಬಾಚುತ್ತಿದ್ದ. "ನನ್ನ ಹತ್ತಿರ ಕೇಳಬೇಡಿ. ನಾನು ಕೀ ಕೇಳಿದಾಗ ನೀವು ಬೈದಿರಿ. ಈಗ ನೀವೇ ನೋಡಿಕೊಳ್ಳಿ."

ರುಕಿಯಮ್ಮ ಆವತ್ತು ಸೊಸೆಯ ಪಾಲಿನ ಗಂಜಿಯನ್ನು ಸಂಜೆ ನೋಂಬು ಬಿಡುವ ಹೊತ್ತಿಗೆ ಎಲ್ಲರ ಜೊತೆ ಬಡಿಸಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟರು. ಜುಬೈದಾ ಅಲ್ಲೇ ಕೂತು ಕುಡಿದಳು. ಅವಳಿಗೆ ಅವಮಾನವಾಯಿತು, ಆದರೆ ಮಗಳು ಮನೆಯಲ್ಲಿದ್ದಾಳಲ್ಲ ಎಂಬ ಸಮಾಧಾನವೂ ಇತ್ತು. ಹಿಂದಿನ ಸೀಟಿನ ನಾಲ್ಕು ಮಕ್ಕಳ ನೆನಪು ಬಂದಾಗಲೆಲ್ಲ ಬೇರೇನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಊರವರ ಮಕ್ಕಳ ಉಸಾಬರಿ ನನಗೆ ಯಾಕೆ, ಈಗಾಗಲೇ ಸಿಕ್ಕಿದ್ದು ಸಾಲದೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದರಿಂದ ನಿದ್ದೆ ಮಾತ್ರ ಬರಲಿಲ್ಲ.

ಆ ವಾರದ ಕೊನೆಗೆ ಗ್ಲ್ಯಾಡಿಸ್ ಬಾಯಿ ಬೇಲಿಯ ಹತ್ತಿರ ಬಂದು ಕೂಗಿದಳು. ಅವಳ ಗಂಡ ಪಾಸ್ಕಲ್ ಬೊಂಬಾಯಿಯಲ್ಲಿ ಹಡಗಿನ ಕೆಲಸಕ್ಕಿದ್ದ. ಮೂವರು ಮಕ್ಕಳನ್ನು ಅವಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ಕೊನೆಯವಳು ಡುಲ್ಸಿನ್ ಆ ವರ್ಷವಷ್ಟೇ ಶಾಲೆಗೆ ಸೇರಿದವಳು. ಕಾರಿನಲ್ಲಿ ಜಾಗ ಇಲ್ಲವೆಂದು ಅವಳನ್ನು ದಿನಾ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದಳು.

"ನಿಮ್ಮ ಮಗಳಿಗೆ ಇನ್ನೂ ಗುಣ ಆಗಲಿಲ್ವಾ ಜುಬೈದಾ?"

"ಇಲ್ಲ ಬಾಯಿ."

"ಪಾಪ. ಹಾಗಾದ್ರೆ ಅವಳು ಬರುವವರೆಗೆ ಆ ಮುಂದಿನ ಸೀಟಲ್ಲಿ ನಮ್ಮ ಡುಲ್ಸಿನ್ ಕೂರಲಿ ಅಲ್ವಾ? ನಿಮ್ಮ ಮಾವ ಬ್ಯಾರಿಗಳ ಹತ್ತಿರ ಕೇಳಿದೆ, ಆಯ್ತು ನಾಳೆಯಿಂದ ಕಳಿಸಿ ಅಂದರು. ನನಗೆ ಆ ಬಸ್ಸಿನ ನೂಕಾಟ ಸಾಕಾಗಿದೆ ಮಾರಾಯ್ತಿ."

ಗ್ಲ್ಯಾಡಿಸಳ ಸೊಂಟದ ಹಿಂದಿನಿಂದ ಡುಲ್ಸಿನ್ ಇಣುಕಿ ನೋಡಿದಳು. ಕಾರಿನಲ್ಲಿ ಹೋಗುವ ಖುಷಿ ಅವಳ ಮುಖದಲ್ಲಿ ಹಿಡಿಸುತ್ತಿರಲಿಲ್ಲ. ಜುಬೈದಾ ಅವಳನ್ನೇ ನೋಡಿದಳು. ತನ್ನ ಮಗುವನ್ನು ಎಬ್ಬಿಸಿದ ಜಾಗದಲ್ಲಿ ಇನ್ನೊಬ್ಬಳ ಮಗು ಹೋಗಿ ಕೂರುತ್ತದೆ.

"ಕೂರಿಸಬೇಡಿ," ಎಂದಳು.

"ಯಾಕೆ?"

"ಕೂರಿಸಬೇಡಿ ಬಾಯಿ. ಗಂಡುಮಕ್ಕಳನ್ನೂ ಕಳಿಸಬೇಡಿ. ನಫೀಸಾಳಿಗೆ ಜ್ವರ ಇಲ್ಲ." ಆಮೇಲೆ ಎಲ್ಲವೂ ಬಂತು: ಮಣಿಪಾಲ, ಮಾತ್ರೆ, ವ್ಯಾಪಾರ ಎಂದದ್ದು, ಸಹರಿಯ ಎರಡು ಮಾತ್ರೆ, ಹಾಲಿನ ಲೋಟ.

ಗ್ಲ್ಯಾಡಿಸಳ ಮುಖ ಬಿಳುಚಿತು. ಮರುಕ್ಷಣ ಕೆಂಪಾಯಿತು. "ನಿಮ್ಮ ಮಗಳನ್ನು ಯಾವಾಗಿಂದ ಕಳಿಸುವುದಿಲ್ಲ ನೀವು?"

"ಸೋಮವಾರದಿಂದ."

"ಇವತ್ತು ಶುಕ್ರವಾರ. ಇಷ್ಟು ದಿನ ನನ್ನ ಮಕ್ಕಳು ಹೋದದ್ದನ್ನು ನೋಡ್ತಾ ಕೂತಿದ್ರಾ? ನಿಮಗೆ ನಾಚಿಕೆ ಆಗುವುದಿಲ್ವಾ?" ಅವಳು ಮಗಳನ್ನು ದರದರ ಎಳೆದುಕೊಂಡು ಹೋದಳು. ಗ್ಲ್ಯಾಡಿಸ್ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಗ್ಲ್ಯಾಡಿಸಳ ಗೇಟಿನೆದುರು ಹಾರ್ನ್ ಕೇಳಿಸಿತು. ಮತ್ತೆ ಮತ್ತೆ ಕೇಳಿಸಿತು. ಯಾರೂ ಹೊರಗೆ ಬರಲಿಲ್ಲ. ಕಾರು ಮನೋರಮಾ ಟೀಚರ ಮನೆಯ ಕಡೆಗೆ ಹೋಯಿತು, ಅಲ್ಲಿಂದಲೂ ಖಾಲಿ ಬಂತು. ಶೇಕಬ್ಬ ಕಾರಿನ ಬಾಗಿಲು ಹಾಕಲೂ ನಿಲ್ಲದೆ ಒಳಗೆ ಬಂದರು.

"ಯಾರು ಹೇಳಿದ್ದು ಅವರಿಗೆ?"

"ನಾನು," ಎಂದಳು ಜುಬೈದಾ.

ಹೊಡೆಯುತ್ತಾರೆಂದೇ ಅವಳು ಅಂದುಕೊಂಡಿದ್ದಳು. ಶೇಕಬ್ಬ ಹೊಡೆಯಲಿಲ್ಲ, ಬಾಗಿಲ ದಾರಂದ ಹಿಡಿದು ನಿಂತರು. "ಟೀಚರು ಗೇಟಿನ ಹೊರಗೇ ನಿಲ್ಲಿಸಿ ಕೇಳಿದರು ನನ್ನನ್ನು. ನರದ ಮಾತ್ರೆ ತಿಂತೀರಂತೆ ಹೌದಾ ಅಂತ. ನರದ ಮಾತ್ರೆ! ತಲೆ ಕೆಟ್ಟವರು ತಿನ್ನುವುದು! ಊರಿಗೆ ಊರೇ ನನ್ನನ್ನು ಮರುಳ ಅಂದುಕೊಂಡಿತು."

"ಮನೆಹಾಳಿ!" ಖದೀಜಮ್ಮ ಎದೆ ಬಡಿದುಕೊಂಡರು. "ಕಾರ್ಕಳದಿಂದ ಇದಕ್ಕೇ ಬಂದದ್ದು ಇವಳು."

"ನೀನಾದರೂ ಹೇಳು ಮಾರಾಯ, ನಿನಗೆ ಗೊತ್ತಿತ್ತಾ?" ರುಕಿಯಮ್ಮ ಮಗನನ್ನು ಕೇಳಿದರು.

ಬದ್ರುದ್ದೀನ್ ಹೆಂಡತಿಯ ಕಡೆ ನೋಡಲಿಲ್ಲ. "ನನಗೆಂತ ಗೊತ್ತು? ಹೆಂಗಸರ ಮಾತು. ನಾನು ಎಂತದೂ ಹೇಳಲಿಲ್ಲ ಉಮ್ಮ."

ಗಂಡನ ಮೇಲೆ ಅವಳಿಗೆ ಉಳಿದಿದ್ದ ಮರ್ಯಾದೆ ಆ ಒಂದು ಮಾತಿಗೆ ಮುಗಿದುಹೋಯಿತು.

ಮಕ್ಕಳ ಟ್ರಿಪ್ಪು ಸ್ಟ್ಯಾಂಡಿನ ಕಿಟ್ಟನ ಕಾರಿಗೆ ಹೋಯಿತು. ನಫೀಸಾಳೂ ಅದರಲ್ಲೇ ಹೋಗತೊಡಗಿದಳು, ಅದಕ್ಕೂ ಮನೆಯಲ್ಲಿ ರಂಪವಾಯಿತು. ಬೇರೆ ಬಾಡಿಗೆಯೂ ನಿಂತಿತು. ಬದ್ರುದ್ದೀನನಿಗೆ ಈಗ ಕೀ ಸಿಗಬಹುದಿತ್ತು, ಆದರೆ ಶೇಕಬ್ಬರ ಕಾರೆಂದರೆ ಯಾರೂ ಹತ್ತುತ್ತಿರಲಿಲ್ಲ. ಆ ಸಿಟ್ಟನ್ನೂ ಅವನು ಹೆಂಡತಿಯ ಮೇಲೆಯೇ ತೀರಿಸಿದ. ಸುದ್ದಿ ಕೇಳಿ ಮಸೀದಿಯಿಂದ ಅಲಿಯಬ್ಬ ಉಸ್ತಾದರು ಬಂದರು. "ಕಾಯಿಲೆಯವನಿಗೆ ನೋಂಬು ಬಿಡಲು ಅನುಮತಿ ಉಂಟು ಶೇಕಬ್ಬಾ. ಗುಣ ಆದ ಮೇಲೆ ಹಿಡಿದು ತೀರಿಸು," ಎಂದು ಗದರಿಸಿದರು. ಉಸ್ತಾದರ ಮಾತಿಗೆ ಶೇಕಬ್ಬ ಎದುರಾಡಲಿಲ್ಲ. ಮಾತ್ರೆ ಮತ್ತೆ ಮೂರು ಹೊತ್ತಿಗೆ ಬಂತು. ಸ್ವಲ್ಪ ದಿನದಲ್ಲೇ ಅವರ ಹೆಜ್ಜೆ ನೆಟ್ಟಗಾಯಿತು, ಮಾತು ಸ್ಪಷ್ಟವಾಯಿತು.

ಜುಬೈದಾಳಿಗೆ ಅದರಿಂದ ಒಳ್ಳೆಯದೇನೂ ಆಗಲಿಲ್ಲ. "ನೋಡಿ, ಬಂಡೆಯ ಹಾಗಿದ್ದಾರೆ," ಎಂದು ರುಕಿಯಮ್ಮ ಬಂದವರಿಗೆಲ್ಲ ಗಂಡನನ್ನು ತೋರಿಸುತ್ತಿದ್ದರು. "ಇವರಿಗೆ ಕಣ್ಣು ಕಾಣುವುದಿಲ್ಲ ಅಂದಳು. ಒಂದು ಗೀಟು ಬಿದ್ದಿದೆಯಾ ಕಾರಿಗೆ? ಒಂದು ಮಗುವಿಗೆ ತರಚಿದೆಯಾ?" ಕೇಳಿದವರು ತಲೆಯಾಡಿಸುತ್ತಿದ್ದರು. ಆಗದೇ ಹೋದ ಅಪಘಾತಕ್ಕೆ ಜುಬೈದಾ ಸಾಕ್ಷಿಯನ್ನು ಎಲ್ಲಿಂದ ತರಬೇಕು?

ನೋಂಬು ಮುಗಿದು, ಪೆರ್ನಾಲ್ ಹಬ್ಬದ ಮರುದಿನ ಕಾರ್ಕಳದಿಂದ ಅವಳ ಅಣ್ಣ ಬಂದ. ತವರಿನ ಹಬ್ಬದೂಟಕ್ಕೆ ಕರೆಯಲು ಬಂದವನಿಗೆ ರುಕಿಯಮ್ಮ ಚಾ ಕೊಟ್ಟು ಹೇಳಿದರು, "ಬಟ್ಟೆಬರೆ ಎಲ್ಲ ಕಟ್ಟಿಸಿಕೊಂಡೇ ಹೋಗು. ನಾವು ಹೇಳಿ ಕಳಿಸಿದ ಮೇಲೆ ಬಂದ್ರೆ ಸಾಕು." ಹೇಳಿ ಕಳಿಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬದ್ರುದ್ದೀನ್ ಪೇಟೆಗೆ ಹೋಗಿದ್ದ, ಬೇಕೆಂದೇ ಹೋಗಿದ್ದ. ಜುಬೈದಾ ಚೀಲ ಕಟ್ಟಿ, ಮಗಳ ಕೈ ಹಿಡಿದು ಅಂಗಳಕ್ಕಿಳಿದಳು. ಅಣ್ಣ ನಫೀಸಾಳನ್ನು ಎತ್ತಿಕೊಂಡು ಮುಂದೆ ನಡೆದ.

ಶೇಕಬ್ಬ ಕಾರಿನ ಗಾಜು ಒರೆಸುತ್ತಿದ್ದರು. ಅವಳು ಹತ್ತಿರ ಬಂದಾಗ ತಲೆ ಎತ್ತದೆ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು, "ಉದ್ಯಾವರದಲ್ಲಿ ಎರಡು ಸೇತುವೆ ಕಂಡಿತ್ತು."

ಜುಬೈದಾ ನಿಂತಳು. "ಎಂತ?"

"ನೋಂಬಿನ ಸುರುವಿಗೆ. ಹೊಳೆಗೆ ಎರಡು ಸೇತುವೆ, ಪಕ್ಕ ಪಕ್ಕ. ಯಾವುದು ನಿಜದ್ದು ಅಂತ ಗೊತ್ತಾಗಲಿಲ್ಲ. ಬ್ರೇಕ್ ಹಾಕುವ ಅಂದ್ರೆ ಹಿಂದೆ ಬಸ್ಸು ಹಾರ್ನ್ ಹೊಡೀತಾ ಇತ್ತು. ಒಂದರ ಮೇಲೆ ಹೋದೆ."

"ಮಕ್ಕಳು?"

"ಇದ್ದರು. ನಿನ್ನ ಮಗಳು ಮುಂದೆ ಕೂತು ಪದ್ಯ ಹೇಳ್ತಾ ಇದ್ದಳು."

ಹೊಳೆಯ ಕೆಂಪು ನೀರು, ಕಾರು, ಮಗಳ ಪದ್ಯ ಎಲ್ಲ ಒಟ್ಟಿಗೆ ಅವಳ ಕಣ್ಣಿಗೆ ಬಂತು. ಈ ಮುದುಕನ ಕುತ್ತಿಗೆ ಹಿಸುಕಬೇಕೆನ್ನಿಸಿತು. "ಆಮೇಲೂ ಓಡಿಸಿದಿರಿ? ಆಮೇಲೂ ಮಕ್ಕಳನ್ನು ಹತ್ತಿಸಿದಿರಿ?"

"ಓಡಿಸಿದೆ."

"ಒಳಗೆ ಬನ್ನಿ. ಇದನ್ನೇ ಮಾಮಿಯ ಎದುರು ಹೇಳಿ."

"ಹೇಳುವುದಿಲ್ಲ. ನೀನು ಹೇಳಿದರೆ ಸುಳ್ಳು ಅಂತೇನೆ." ಗಾಜಿನ ಮೇಲೆ ಬಟ್ಟೆ ಒಂದೇ ಜಾಗದಲ್ಲಿ ಸುತ್ತುತ್ತಿತ್ತು.

ಬಾಗಿಲಲ್ಲಿ ರುಕಿಯಮ್ಮ ಕಾಣಿಸಿಕೊಂಡರು. "ಅಲ್ಲಿ ಎಂತ ಗುಸುಗುಸು? ಇನ್ನೂ ಹೊರಡಲಿಲ್ವಾ ಅವಳು?"

ಶೇಕಬ್ಬ ಬೆನ್ನು ನೆಟ್ಟಗೆ ಮಾಡಿ ಸ್ವರ ಏರಿಸಿದರು. "ಹೊರಡ್ಲಿ, ಹೊರಡ್ಲಿ! ನನ್ನ ಅನ್ನ ಕಿತ್ತುಕೊಂಡವಳು! ನನ್ನ ಮರ್ಯಾದೆ ತೆಗೆದವಳು!"

ಜುಬೈದಾ ಮಾವನ ಮುಖವನ್ನು ನೇರ ನೋಡಿದಳು. ಆಮೇಲೆ ಗೇಟಿನ ಕಡೆ ತಿರುಗಿ ಕೂಗಿದಳು, "ಅಣ್ಣಾ, ಮಗುವನ್ನು ಇಳಿಸು. ನೀನು ಹೋಗು, ನಾನು ಬರುವುದಿಲ್ಲ."

"ಬರುವುದಿಲ್ಲ ಅಂದ್ರೆ ಎಂತ?" ರುಕಿಯಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ತಪ್ಪು ಮಾಡಿದವರು ಹೋಗ್ಲಿ ಮಾಮಿ. ನಾನು ಯಾಕೆ ಹೋಗಬೇಕು?"

ಅತ್ತೆಯ ಕೈಯನ್ನು ಪಕ್ಕಕ್ಕೆ ಸರಿಸಿ, ಚೀಲವನ್ನು ಒಳಗೆಸೆದು ಅವಳು ಅಡಿಗೆಮನೆಗೆ ನಡೆದಳು. ಮಧ್ಯಾಹ್ನದ ಅಕ್ಕಿ ಇನ್ನೂ ತೊಳೆದಿರಲಿಲ್ಲ. ಅದನ್ನು ಎಳೆದುಕೊಂಡು ಕೂತಳು. ಹೊರಗೆ ಶೇಕಬ್ಬ ಬೈಯುತ್ತಲೇ ಇದ್ದರು. ಗಂಟಲು ಒಡೆದು ಕೆಮ್ಮು ಬಂದರೂ ಬೈಯುತ್ತಲೇ ಇದ್ದರು. ನಿಲ್ಲಿಸಿದರೆ, ಯಾಕೆ ನಿಲ್ಲಿಸಿದಿರಿ ಎಂದು ರುಕಿಯಮ್ಮ ಕೇಳಿಯಾರು ಎಂಬ ಹೆದರಿಕೆ ಅವರಿಗೆ.